ಮೀನಿನ ತಲೆ ಯಾವ ಕಡೆಗಿತ್ತು? – ಕ್ಯಾಮೆರಾ ಕ್ಲಬ್ ಸದಸ್ಯರ ಪ್ರಶ್ನೆಗಳಿಗೆ ಉತ್ತರ

ನಿಸರ್ಗ ಮತ್ತು ವನ್ಯಜೀವಿ ಛಾಯಾಗ್ರಹಣದಲ್ಲಿ ತೊಡಗಿರುವ ಹವ್ಯಾಸಿಗಳು ಬರೆದ ಪತ್ರಗಳಲ್ಲಿ ಕೆಲವನ್ನು ಈ ಸಲ ಆಯ್ದುಕೊಂಡಿದ್ದೇವೆ. ಪ್ರಶ್ನೆಗಳನ್ನು ಸ್ವಲ್ಪ ಮೊಟಕುಗೊಳಿಸಲಾಗಿದೆ.

ಪ್ರಶ್ನೆ: ಕೊಕ್ಕಿನಲ್ಲಿ ಮೀನು ಹಿಡಿದು ಕೊಂಬೆಯ ಮೇಲೆ ಕುಳಿತ ಮಿಂಚುಳ್ಳಿಯ ಚಿತ್ರವನ್ನು ನಮ್ಮ ಕ್ಲಬ್ಬಿನ ಮಾಸಿಕ ಸಭೆಯಲ್ಲಿ ತೋರಿಸಿದೆ. ಎಲ್ಲರೂ ಮೆಚ್ಚಿಕೊಂಡರು. ಹಿರಿಯ ಸದಸ್ಯರೊಬ್ಬರು ಮಾತ್ರ "ಹಕ್ಕಿ ಆ ಮೀನನ್ನು ಹಿಡಿದುಕೊಂಡು ಎಷ್ಟು ಹೊತ್ತು ಕುಳಿತಿತ್ತು?" ಎಂದು ಕೇಳಿದರು. ಸುಮಾರು 20 ನಿಮಿಷ ಎಂದು ನಾನು ಹೆಮ್ಮೆಯಿಂದ ಹೇಳಿದಾಗ ಅವರ ಮುಖ ಬಾಡಿತು. ಕಾರಣವನ್ನು ಮಾತ್ರ ಹೇಳಲಿಲ್ಲ. ನನ್ನಿಂದ ಆದ ತಪ್ಪೇನು?

ಉತ್ತರ: ನೀವು ಪತ್ರದ ಜೊತೆ ಕಳುಹಿಸಿದ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಬೆಳಕು ಹಿತವಾಗಿದೆ, ಕಣ್ಣು ಸ್ಪಷ್ಟವಾಗಿದೆ, ಹಿನ್ನೆಲೆಯಲ್ಲಿ ಗೊಂದಲವಿಲ್ಲ. ಈಗ ಹಕ್ಕಿಯನ್ನು ಬಿಟ್ಟು ಮೀನನ್ನು ನೋಡಿ. ಅದರ ತಲೆ ಕೊಕ್ಕಿನ ತುದಿಯ ಕಡೆಗೆ, ಹೊರಕ್ಕೆ ಚಾಚಿಕೊಂಡಿದೆ. ಬಾಲ ಹಕ್ಕಿಯ ಗಂಟಲಿನ ಕಡೆಗಿದೆ. ಮಿಂಚುಳ್ಳಿ ತಾನೇ ತಿನ್ನುವ ಮೀನನ್ನು ಕೊಂಬೆಗೆ ಬಡಿದು, ತಲೆ ಒಳಮುಖವಾಗುವಂತೆ ತಿರುಗಿಸಿಕೊಂಡು ನುಂಗುತ್ತದೆ. ಮೀನಿನ ಹುರುಪೆಗಳೂ ರೆಕ್ಕೆಯ ಮುಳ್ಳುಗಳೂ ಹಿಂದಕ್ಕೆ ಬಾಗಿರುವುದರಿಂದ ತಲೆ ಮೊದಲು ಹೋದರೆ ಮಾತ್ರ ಅದು ಗಂಟಲಿಗೆ ಸಿಕ್ಕಿಕೊಳ್ಳದೆ ಇಳಿಯುತ್ತದೆ. ತಲೆ ಹೊರಕ್ಕಿದೆ ಎಂದರೆ ಆ ತುತ್ತು ಇನ್ನೊಂದು ಬಾಯಿಗೆ ಮೀಸಲಾದದ್ದು: ಜೋಡಿ ಕೂಡುವ ಕಾಲದಲ್ಲಿ ಸಂಗಾತಿಗೆ, ಇಲ್ಲವೇ ದಡದ ಮಣ್ಣಿನಲ್ಲಿ ಕೊರೆದ ಬಿಲದೊಳಗೆ ಕಾಯುತ್ತಿರುವ ಮರಿಗಳಿಗೆ.

ಮರಿಗಳಿಗೆಂದು ಹಿಡಿದ ಮೀನನ್ನು ಹಕ್ಕಿ 20 ನಿಮಿಷ ಕೊಕ್ಕಿನಲ್ಲೇ ಇಟ್ಟುಕೊಂಡಿದ್ದೇಕೆ? ಬಿಲಕ್ಕೂ ಅದಕ್ಕೂ ನಡುವೆ ನೀವು ಇದ್ದಿರಿ ಎಂಬುದೇ ಹೆಚ್ಚು ಸಂಭವನೀಯ ಉತ್ತರ. ನೋಡುವವರು ಹತ್ತಿರದಲ್ಲಿರುವಾಗ ತಾಯಿ ತಂದೆ ಹಕ್ಕಿಗಳು ಗೂಡಿನ ಬಾಯಿಯನ್ನು ತೋರಿಸಿಕೊಡಲು ಹಿಂಜರಿಯುತ್ತವೆ. ನಿಮ್ಮ ಹಿರಿಯರು ಚಿತ್ರದಲ್ಲಿ ಕಂಡದ್ದು ಇದನ್ನೇ ಇರಬೇಕು. ಕಂಡಮೇಲೆ ನಿಮ್ಮನ್ನು ಪಕ್ಕಕ್ಕೆ ಕರೆದು ನಾಲ್ಕು ಮಾತು ಹೇಳದೆ ಹೋದದ್ದು ಅವರ ಕಡೆಯ ಕೊರತೆ ಎಂದೇ ನನ್ನ ಅಭಿಪ್ರಾಯ. ಗೊತ್ತಿದ್ದೂ ಮಾಡಿದವರಿಗೆ ತೋರಿಸಬೇಕಾದ ಮುನಿಸನ್ನು ಗೊತ್ತಿಲ್ಲದವರಿಗೆ ತೋರಿಸಿದರೆ ಏನು ಪ್ರಯೋಜನ?

ಆಹಾರ ಹಿಡಿದ ಹಕ್ಕಿ ಒಂದೇ ಸಮನೆ ತಲೆ ಮೇಲೆ ಕೆಳಗೆ ಆಡಿಸುತ್ತಿದ್ದರೆ, ಹಾರಿಹೋಗಿ ಮತ್ತೆ ಅದೇ ಕೊಂಬೆಗೆ ಮರಳುತ್ತಿದ್ದರೆ, ಬಿಡದೆ ಕೂಗುತ್ತಿದ್ದರೆ, ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ಅದು ನಿಶ್ಚಿಂತೆಯಿಂದ ಗೂಡಿನೊಳಗೆ ಹೋಗುವಷ್ಟು ದೂರವೇ ಸರಿಯಾದ ದೂರ. ಇದನ್ನು ಉಪದೇಶವೆಂದು ತಿಳಿಯಬೇಡಿ. ಹೊಸದಾಗಿ ಕ್ಯಾಮೆರಾ ಹಿಡಿದ ದಿನಗಳಲ್ಲಿ ನಾನೂ ಪುಟ್ಟ ಗೂಡೊಂದಕ್ಕೆ ಅಡ್ಡವಾಗಿದ್ದ ಎಲೆಗೊಂಚಲನ್ನು ದಾರದಿಂದ ಎಳೆದು ಕಟ್ಟಿ ಚಿತ್ರ ತೆಗೆದು, ದಾರ ಬಿಚ್ಚುವುದನ್ನು ಮರೆತು ಬಂದಿದ್ದೆ. ಮರುದಿನ ಮಧ್ಯಾಹ್ನ ಹೋದಾಗ ಮರಿಗಳ ಮೇಲೆ ನೆತ್ತಿಯ ಬಿಸಿಲು ನೇರವಾಗಿ ಬೀಳುತ್ತಿತ್ತು. ಬಾಯಿ ತೆರೆದು ಏದುಸಿರು ಬಿಡುತ್ತಿದ್ದವು. ದಾರ ಬಿಚ್ಚಿ ಬಂದೆ. ಆ ಚಿತ್ರವನ್ನು ಇಂದಿನವರೆಗೆ ಯಾವ ಕ್ಲಬ್ಬಿನಲ್ಲೂ ತೋರಿಸಿಲ್ಲ.

ಪ್ರಶ್ನೆ: ಒಂದೇ ಬೆಳಿಗ್ಗೆ, ಒಂದೇ ಕೆರೆಯಲ್ಲಿ ತೆಗೆದ ಬೆಳ್ಳಕ್ಕಿಯ ಚಿತ್ರಗಳಲ್ಲಿ ಕೆಲವು ಸುಣ್ಣ ಬಳಿದಂತೆ ಬೆಳ್ಳಗಾಗಿ ಗರಿಯ ವಿವರವೇ ಇಲ್ಲ; ಕೆಲವು ಬೂದಿ ಬಣ್ಣಕ್ಕೆ ತಿರುಗಿವೆ. ಕ್ಯಾಮೆರಾ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ. ಎದುರಿಗಿರುವುದು ಬೆಳ್ಳಕ್ಕಿಯೋ ಕಾಗೆಯೋ ಎಂಬುದು ಕ್ಯಾಮೆರಾದ ಬೆಳಕುಮಾಪಕಕ್ಕೆ ತಿಳಿಯದು. ಕಂಡದ್ದನ್ನೆಲ್ಲ ನಡುಮಟ್ಟದ ಬೂದು ಎಂದು ಭಾವಿಸಿ ಲೆಕ್ಕ ಹಾಕುವುದು ಅದರ ಸ್ವಭಾವ. ಕಪ್ಪು ನೀರಿನ ನಡುವೆ ಹಕ್ಕಿ ಚಿಕ್ಕದಾಗಿ ಕಂಡರೆ ಮಾಪಕ ಕಪ್ಪನ್ನು ನೋಡಿ ಬೆಳಕು ಹೆಚ್ಚಿಸುತ್ತದೆ, ಆಗ ಬಿಳಿ ಸುಟ್ಟುಹೋಗುತ್ತದೆ. ಹಕ್ಕಿ ಚೌಕಟ್ಟನ್ನು ತುಂಬಿಕೊಂಡರೆ ಬಿಳಿಯನ್ನು ನೋಡಿ ಬೆಳಕು ತಗ್ಗಿಸುತ್ತದೆ, ಆಗ ಬೂದು ಬರುತ್ತದೆ. ಮೊದಲನೆಯದಕ್ಕೆ 1 ಅಥವಾ 1.5 ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಅಥವಾ ಅರ್ಧ) ಕಡಿಮೆ, ಎರಡನೆಯದಕ್ಕೆ ಸುಮಾರು 1 ಸ್ಟಾಪ್ ಹೆಚ್ಚು ಎಂದು ತಿದ್ದುಪಡಿ ಕೊಡಬಹುದು. ಆದರೆ ಹಾರುವ ಹಕ್ಕಿಯ ಹಿಂದೆ ಕ್ಷಣಕ್ಕೊಂದು ಹಿನ್ನೆಲೆ ಬದಲಾಗುವಾಗ ಈ ಲೆಕ್ಕ ಯಾರ ಕೈಗೂ ಹತ್ತುವುದಿಲ್ಲ. ಬಿಸಿಲು ಬದಲಾಗದಿರುವವರೆಗೆ ಹಕ್ಕಿಯ ಬಿಳುಪೂ ಬದಲಾಗುವುದಿಲ್ಲ ಎಂಬುದನ್ನು ನೆನಪಿಟ್ಟುಕೊಂಡು ಬೆಳಕನ್ನು ನಾವೇ ಹೊಂದಿಸುವ ಮ್ಯಾನ್ಯುಯಲ್ ವಿಧಾನಕ್ಕೆ ಬನ್ನಿ. ಕುಳಿತ ಬೆಳ್ಳಕ್ಕಿಯ ಒಂದು ಚಿತ್ರ ತೆಗೆದು, ಹಿಸ್ಟೋಗ್ರಾಮ್ (ಕಪ್ಪಿನಿಂದ ಬಿಳಿಯವರೆಗಿನ ಬೆಳಕಿನ ಹಂಚಿಕೆಯನ್ನು ತೋರಿಸುವ ನಕ್ಷೆ) ಬಲ ಅಂಚಿನ ಹತ್ತಿರ ಬಂದು ಅದಕ್ಕೆ ತಾಗದೆ ನಿಲ್ಲುವಂತೆ ಹೊಂದಿಸಿಕೊಂಡರೆ, ಆಮೇಲೆ ಅದು ಜೊಂಡಿನ ಮುಂದೆ ಹಾರಲಿ, ಆಕಾಶದ ಮುಂದೆ ಹಾರಲಿ, ನೀವು ಏನನ್ನೂ ಮುಟ್ಟಬೇಕಾಗಿಲ್ಲ. ಹಾರಾಟಕ್ಕೆ ಶಟರ್ ವೇಗ 1/2000 ಸೆಕೆಂಡಿನ ಸುಮಾರಿಗಿರಲಿ. ಅದಕ್ಕಾಗಿ ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟವಾದ ಐಎಸ್‌ಓ ಏರಿಸಬೇಕಾದರೆ ಅಂಜಬೇಡಿ.

ಪ್ರಶ್ನೆ: ಗೂಬೆಯ ಚಿತ್ರದಲ್ಲಿ ರೆಕ್ಕೆಗೆ ಅಡ್ಡವಾಗಿದ್ದ ಒಂದು ಕಡ್ಡಿಯನ್ನು ಕಂಪ್ಯೂಟರಿನಲ್ಲಿ ಅಳಿಸಿದ್ದೆ. ಸ್ಪರ್ಧೆಯ ನಿಸರ್ಗ ವಿಭಾಗದಿಂದ ಅದನ್ನು ಹೊರಗಿಟ್ಟರು. ಆದರೆ ಸೆನ್ಸರ್ ಮೇಲಿನ ಧೂಳಿನ ಚುಕ್ಕೆಗಳನ್ನು ಅಳಿಸಬಹುದಂತೆ. ಇದು ಯಾವ ನ್ಯಾಯ?

ಉತ್ತರ: ಧೂಳಿನ ಚುಕ್ಕೆ ಇದ್ದದ್ದು ಕ್ಯಾಮೆರಾದೊಳಗೆ. ಕಡ್ಡಿ ಇದ್ದದ್ದು ಗೂಬೆಯ ಮರದಲ್ಲಿ. ಇಡೀ ನಿಯಮಾವಳಿ ಈ ಒಂದು ವ್ಯತ್ಯಾಸದ ಮೇಲೆ ನಿಂತಿದೆ.

ಅಂತರರಾಷ್ಟ್ರೀಯ ಛಾಯಾಗ್ರಹಣ ಒಕ್ಕೂಟವಾದ ಫಿಯಾಪ್, ಫೋಟೋಗ್ರಾಫಿಕ್ ಸೊಸೈಟಿ ಆಫ್ ಅಮೆರಿಕ ಹಾಗೂ ಬ್ರಿಟನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ ಮೂರೂ ಕೂಡಿ ನಿಸರ್ಗ ಛಾಯಾಗ್ರಹಣಕ್ಕೆ ಒಂದೇ ವ್ಯಾಖ್ಯೆಯನ್ನು ಒಪ್ಪಿಕೊಂಡವು. ಅದು 2015ರ ಜನವರಿ 1ರಿಂದ ಸ್ಪರ್ಧೆಗಳಲ್ಲಿ ಜಾರಿಗೆ ಬಂತು. ವಿಷಯ ಬಲ್ಲವರು ನೋಡಿದಾಗ ಚಿತ್ರದಲ್ಲಿರುವುದು ಏನೆಂದು ಗುರುತಿಸಿ, ಅದನ್ನು ಪ್ರಾಮಾಣಿಕವಾಗಿ ತೋರಿಸಲಾಗಿದೆ ಎಂದು ಹೇಳುವಂತಿರಬೇಕು ಎಂಬುದು ಅದರ ತಿರುಳು. ಚಿತ್ರದ ಅಂದಕ್ಕಿಂತ ಅದು ಹೇಳುವ ಕಥೆಗೆ ಹೆಚ್ಚು ತೂಕ ಕೊಡಬೇಕೆಂದೂ ಅದು ಹೇಳುತ್ತದೆ. ಯಾವುದನ್ನೂ ಸೇರಿಸುವಂತಿಲ್ಲ, ಸರಿಸುವಂತಿಲ್ಲ, ಬದಲಿಸುವಂತಿಲ್ಲ, ಅಂಚು ಕತ್ತರಿಸುವುದರ ಹೊರತು ಬೇರೆ ರೀತಿಯಲ್ಲಿ ತೆಗೆಯುವಂತಿಲ್ಲ. ಧೂಳಿನ ಗುರುತು, ಡಿಜಿಟಲ್ ನಾಯ್ಸ್ (ಚಿತ್ರದಲ್ಲಿ ಕಾಣುವ ಕಾಳುಕಾಳು ಚುಕ್ಕೆಗಳು) ಇವುಗಳನ್ನು ನಿವಾರಿಸಬಹುದು. ಹಲವು ಫೋಕಸ್‌ಗಳ ಚಿತ್ರಗಳನ್ನು, ಅಂದರೆ ಒಂದೇ ದೃಶ್ಯದ ಬೇರೆ ಬೇರೆ ಭಾಗ ಸ್ಪಷ್ಟವಾಗಿರುವ ಚಿತ್ರಗಳನ್ನು, ಒಗ್ಗೂಡಿಸಬಹುದು. ವರ್ಣಚಿತ್ರವನ್ನು ಕಪ್ಪುಬಿಳುಪಿಗೆ ತಿರುಗಿಸಬಹುದು. ಹಕ್ಕಿಯ ಕಾಲಿಗೆ ವಿಜ್ಞಾನಿಗಳು ತೊಡಿಸಿದ ಬಳೆ ಕಂಡರೆ ಅಡ್ಡಿಯಿಲ್ಲ. ಅದನ್ನು ಅಳಿಸಿದರೆ ಅಡ್ಡಿಯಿದೆ! ತಂತ್ರಾಂಶವು ನಾಯ್ಸ್ ತಗ್ಗಿಸುವ ನೆಪದಲ್ಲಿ ಗೂಬೆಗೆ ಇಲ್ಲದ ಗರಿಗಳನ್ನು ಹುಟ್ಟಿಸಿಕೊಟ್ಟರೆ ಅದೂ ಸೇರ್ಪಡೆಯೇ ಎಂದು ನಾನು ಎಣಿಸುತ್ತೇನೆ. ತೀರ್ಪುಗಾರರು ಕೇಳಿದಾಗ ಕೊಡಲು ಕ್ಯಾಮೆರಾ ದಾಖಲಿಸಿದ, ತಿದ್ದದ ಮೂಲ ರಾ ಫೈಲನ್ನು ಎಂದಿಗೂ ಅಳಿಸಬೇಡಿ.

ಇಷ್ಟು ಬಿಗಿ ಏಕೆ ಎನ್ನುವವರು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವರ್ಷದ ವನ್ಯಜೀವಿ ಛಾಯಾಗ್ರಾಹಕ ಸ್ಪರ್ಧೆಯ ಎರಡು ಪ್ರಸಂಗಗಳನ್ನು ನೆನೆಯಬಹುದು. 2009ರಲ್ಲಿ ಅತ್ಯುನ್ನತ ಬಹುಮಾನ ಪಡೆದದ್ದು ರಾತ್ರಿಯಲ್ಲಿ ಗೇಟು ಹಾರುತ್ತಿರುವ ತೋಳದ ಚಿತ್ರ. ಅದು ಪಳಗಿಸಿದ ತೋಳವಾಗಿರುವ ಸಂಭವವೇ ಹೆಚ್ಚು ಎಂದು ಕಂಡುಬಂದು ಮರುವರ್ಷ ಬಹುಮಾನವನ್ನು ಹಿಂದೆ ಪಡೆಯಲಾಯಿತು. ಛಾಯಾಗ್ರಾಹಕರು ಆ ಆರೋಪವನ್ನು ನಿರಾಕರಿಸಿದ್ದರು. 2017ರಲ್ಲಿ ಗೆದ್ದ ಚಿತ್ರವೊಂದರಲ್ಲಿ, ಮಿಣುಕುವ ಹುಳುಗಳಿದ್ದ ಗೆದ್ದಲು ಹುತ್ತದತ್ತ ಇರುವೆಬಾಕವೊಂದು ಬರುತ್ತಿತ್ತು. ಬ್ರೆಜಿಲ್ಲಿನ ರಾಷ್ಟ್ರೀಯ ಉದ್ಯಾನವೊಂದರಲ್ಲಿ ಪ್ರದರ್ಶನಕ್ಕಿಟ್ಟಿದ್ದ ಹುಲ್ಲು ತುಂಬಿದ ಪ್ರಾಣಿಗೂ ಅದಕ್ಕೂ ಮೈಮೇಲಿನ ಗುರುತುಗಳು ಹೊಂದಿಕೆಯಾಗುತ್ತವೆ ಎಂದು ತಜ್ಞರು ಹೇಳಿದ ಮೇಲೆ 2018ರಲ್ಲಿ ಅದನ್ನೂ ಅನರ್ಹಗೊಳಿಸಲಾಯಿತು. ಅಲ್ಲಿಯೂ ಛಾಯಾಗ್ರಾಹಕರು ಅದು ನಿಜವಾದ ಪ್ರಾಣಿಯೇ ಎಂದು ವಾದಿಸಿದ್ದರು.

ನಿಮ್ಮ ಕಡ್ಡಿಯನ್ನು ಇವುಗಳ ಸಾಲಿನಲ್ಲಿ ಇಡುತ್ತಿಲ್ಲ. ಆ ಚಿತ್ರವನ್ನು ಇಂಥ ತಿದ್ದುಪಡಿಗೆ ಅವಕಾಶವಿರುವ ಮುಕ್ತ ವಿಭಾಗಕ್ಕೆ ಕಳುಹಿಸಿದರೆ ಯಾರೂ ಆಕ್ಷೇಪಿಸುವುದಿಲ್ಲ. ನಿಸರ್ಗ ವಿಭಾಗಕ್ಕೇ ಬೇಕಿದ್ದರೆ ಮುಂದಿನ ಸಲ ಅರ್ಧ ಹೆಜ್ಜೆ ಎಡಕ್ಕೆ ಸರಿದು ನೋಡಿ. ಅಥವಾ ಕಡ್ಡಿಯನ್ನು ಇದ್ದಂತೆಯೇ ಬಿಡಿ. ಗೂಬೆ ಅದರ ಮರೆಯನ್ನು ಹುಡುಕಿಕೊಂಡೇ ಅಲ್ಲಿ ಕುಳಿತಿರುತ್ತದೆ.

ಪ್ರಶ್ನೆ: ಮೃಗಾಲಯದಲ್ಲಿ ತೆಗೆದ ಹುಲಿಯ ಚಿತ್ರವನ್ನು ಕ್ಲಬ್ಬಿನಲ್ಲಿ ತೋರಿಸಬಹುದೇ?

ಉತ್ತರ: ಧಾರಾಳವಾಗಿ ತೋರಿಸಿ, ಮೃಗಾಲಯದ್ದು ಎಂದು ಶೀರ್ಷಿಕೆಯಲ್ಲೇ ಬರೆಯಿರಿ. ಮೇಲೆ ಹೇಳಿದ ವ್ಯಾಖ್ಯೆಯ ಪ್ರಕಾರ ವನ್ಯಜೀವಿ ವಿಭಾಗಕ್ಕೆ ಮಾತ್ರ ಅದು ಸಲ್ಲದು, ಏಕೆಂದರೆ ಅಲ್ಲಿ ಜೀವಿ ಬಂಧನವಿಲ್ಲದೆ ತನ್ನ ನೆಲೆಯಲ್ಲಿ ಇರಬೇಕು.

ಪ್ರಶ್ನೆ: ನಮ್ಮ ಸದಸ್ಯರೊಬ್ಬರು ಏರೋಪ್ಲೇನ್ ಚಿಟ್ಟೆಗಳ ಅದ್ಭುತವಾದ ಮ್ಯಾಕ್ರೋ (ತೀರ ಹತ್ತಿರದಿಂದ ತೆಗೆದ) ಚಿತ್ರಗಳನ್ನು ತೋರಿಸುತ್ತಾರೆ. ಹುಳುವನ್ನು ಡಬ್ಬಿಯಲ್ಲಿ ಹಾಕಿ ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟು, ಆಮೇಲೆ ನೀರು ಸಿಂಪಡಿಸಿದರೆ ಸಾಕು, ಅದು ಅಲುಗಾಡುವುದಿಲ್ಲ ಎಂದು ನಮಗೂ ಕಲಿಸಿಕೊಟ್ಟರು. ಇದು ಸರಿಯೇ?

ಉತ್ತರ: ಸರಿಯಲ್ಲ, ಮತ್ತು ಅಗತ್ಯವೂ ಇಲ್ಲ. ಫ್ರಿಜ್ಜು ಮಾಡುವ ಕೆಲಸವನ್ನು ಇರುಳು ತಾನಾಗಿಯೇ ಮಾಡಿಕೊಡುತ್ತದೆ. ಕೀಟಗಳ ಮೈಬಿಸಿ ಬಹುಮಟ್ಟಿಗೆ ಹೊರಗಿನ ಬಿಸಿಯನ್ನು ಅವಲಂಬಿಸಿರುವುದರಿಂದ ತಂಪಾದ ನಸುಕಿನಲ್ಲಿ ಅವು ಹುಲ್ಲಿನ ಎಸಳನ್ನು ಅಪ್ಪಿಕೊಂಡು ಮರಗಟ್ಟಿದಂತೆ ಇರುತ್ತವೆ. ಹಾರುವ ಸ್ನಾಯುಗಳು ಬೆಚ್ಚಗಾಗುವವರೆಗೆ ಏಳುವುದಿಲ್ಲ. ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲು ನೀರಿನ ಅಂಚಿನ ಹುಲ್ಲಿನಲ್ಲಿ ಮೆಲ್ಲಗೆ ಹುಡುಕಿ. ಒಂದು ಸಿಕ್ಕಿದರೆ ಟ್ರೈಪಾಡ್ ನಿಲ್ಲಿಸಿ, ಗಾಳಿ ಇಲ್ಲದಿದ್ದರೆ 1/4 ಸೆಕೆಂಡಿನಷ್ಟು ನಿಧಾನದ ಶಟರ್ ಕೂಡ ನಡೆಯುತ್ತದೆ. ಎಳೆಬಿಸಿಲು ತಾಗಿದ ಮೇಲೆ ಕೆಲವು ಜಾತಿಯವು ಹಾರುವ ಮೊದಲು ರೆಕ್ಕೆಗಳನ್ನು ನಡುಗಿಸುತ್ತ ಮೈ ಕಾಯಿಸಿಕೊಳ್ಳುತ್ತವೆ. ಫ್ರಿಜ್ಜಿನ ಚಿತ್ರದಲ್ಲಿ ಆ ನಡುಕ ನಿಮಗೆಂದೂ ಸಿಗದು. ನಿಜವಾದ ಇಬ್ಬನಿ ಸಣ್ಣ ಮಣಿಗಳಾಗಿ ಕಣ್ಣು, ರೆಕ್ಕೆ, ಕೂದಲು, ಹಿಂದಿನ ಹುಲ್ಲು ಎಲ್ಲದರ ಮೇಲೂ ಕುಳಿತಿರುತ್ತದೆ. ಸಿಂಪಡಿಸಿದ ನೀರು ಹೆಚ್ಚಾಗಿ ದಪ್ಪ ಹನಿಗಳಾಗಿ ಒಂದೇ ಕಡೆಗೆ ಬಿದ್ದಿರುತ್ತದೆ, ಹಿನ್ನೆಲೆ ಒಣಗಿರುತ್ತದೆ. ಮುಂದಿನ ಸಭೆಯಲ್ಲಿ ಆ ಸದಸ್ಯರ ಚಿತ್ರದ ಹಿನ್ನೆಲೆಯನ್ನು ಗಮನಿಸಿ.

ಪ್ರಶ್ನೆ: ನಮ್ಮ ಕ್ಲಬ್ಬಿನಲ್ಲಿ ಯಾವ ಚಿತ್ರ ಹಾಕಿದರೂ "ಸೂಪರ್", "ತುಂಬಾ ಚೆನ್ನಾಗಿದೆ" ಎನ್ನುತ್ತಾರೆ. ಆಮೇಲೆ ಎಲ್ಲರೂ "ಎಲ್ಲಿ ತೆಗೆದದ್ದು?" ಎಂದು ಕೇಳುತ್ತಾರೆ. ಕಲಿಯುವುದು ಹೇಗೆ?

ಉತ್ತರ: ಎರಡನೆಯ ಪ್ರಶ್ನೆಯಿಂದ ಶುರು ಮಾಡೋಣ. ಗೂಡು, ಬಿಲ, ಅಪರೂಪದ ಸಸ್ಯ ಇವುಗಳ ಜಾಗವನ್ನು ಸಭೆಯಲ್ಲಿ ಹೇಳಬೇಡಿ. ಒಬ್ಬರು ನೋಡಿದ ಗೂಡಿನ ಮುಂದೆ ಮುಂದಿನ ಭಾನುವಾರ ಹದಿನೈದು ಟ್ರೈಪಾಡುಗಳು ನಿಲ್ಲುವುದನ್ನು ಕಂಡಿದ್ದೇನೆ. ಫೋನಿನಿಂದ ತೆಗೆದ ಚಿತ್ರಗಳಲ್ಲಿ ಜಿಪಿಎಸ್ ಗುರುತು ಅಡಗಿರಬಹುದಾದ್ದರಿಂದ ಹಂಚುವ ಮೊದಲು ಅದನ್ನು ತೆಗೆದುಹಾಕಿ.

ಇನ್ನು ಹೊಗಳಿಕೆ. ಅದು ಸ್ನೇಹದಿಂದ ಬರುವುದರಿಂದ ನಿಲ್ಲಿಸಲು ಹೋಗಬೇಡಿ, ಅದಕ್ಕೆ ಮೊದಲು ಬೇರೊಂದನ್ನು ಇಡಿ. ಚಿತ್ರ ತೆರೆಯ ಮೇಲೆ ಬಂದಾಗ ಅರ್ಧ ನಿಮಿಷ ಯಾರೂ ಮಾತಾಡಬಾರದು, ತೆಗೆದವರಂತೂ ಬಾಯಿ ಬಿಡಬಾರದು ಎಂದು ನಿಯಮ ಮಾಡಿ. ಬಳಿಕ ಒಬ್ಬರು ಎದ್ದು ಜೀವಿ ಏನು ಮಾಡುತ್ತಿದೆ ಎಂಬುದನ್ನು ಮಾತ್ರ ಹೇಳಲಿ: ಕಿವಿ ಎತ್ತ ತಿರುಗಿದೆ, ಗರಿ ಉಬ್ಬಿದೆಯೇ ಅಂಟಿಕೊಂಡಿದೆಯೇ, ಮೀನಿನ ತಲೆ ಯಾವ ಕಡೆಗಿದೆ. ಅದನ್ನು ಹೇಳಲಾಗದಿದ್ದರೆ ಚಿತ್ರದಲ್ಲೇ ಅದು ಇಲ್ಲವೋ, ನೋಡುವವರಿಗೆ ಕಾಣಲಿಲ್ಲವೋ ಎಂಬ ಚರ್ಚೆ ತಾನಾಗಿ ಹುಟ್ಟುತ್ತದೆ. ಶಟರ್ ವೇಗ, ಲೆನ್ಸಿನ ಹೆಸರು ಇವು ಕೊನೆಗೆ ಬಂದರೆ ಸಾಕು. ಮೊದಲ ಪತ್ರದ ಮಿಂಚುಳ್ಳಿಯನ್ನು ಹೀಗೆ ನೋಡಿದ್ದರೆ ಆ ಹಿರಿಯರು ಮುಖ ಬಾಡಿಸಿಕೊಳ್ಳುವ ಬದಲು ಮಾತಾಡುತ್ತಿದ್ದರು.

ಪ್ರಶ್ನೆ: ನನ್ನ ಬಳಿ ಇರುವುದು 300 ಮಿಲಿಮೀಟರಿನ ಜೂಮ್ ಮಾತ್ರ. ಇನ್ನೂ ದೂರದ್ದನ್ನು ಹತ್ತಿರ ತರುವ 600ರ ಲೆನ್ಸ್ ಇರುವವರ ನಡುವೆ ನಾನು ಏನು ತೋರಿಸಲಿ?

ಉತ್ತರ: 1892ರಲ್ಲಿ ಬ್ರಿಟನ್ನಿನ ಆರಂಭಕಾಲದ ವನ್ಯಜೀವಿ ಛಾಯಾಗ್ರಾಹಕ ಚೆರಿ ಕಿಯರ್ಟನ್ ಮೊಟ್ಟೆಗಳಿದ್ದ ಹಕ್ಕಿಗೂಡೊಂದರ ಚಿತ್ರ ತೆಗೆದಾಗ ಇಂದಿನಂಥ ಜೂಮ್ ಲೆನ್ಸುಗಳೇ ಇರಲಿಲ್ಲ. ಅವರೂ ಅಣ್ಣ ರಿಚರ್ಡ್ ಕಿಯರ್ಟನ್ನರೂ ಹಕ್ಕಿಗಳ ಹತ್ತಿರ ಹೋಗಲು ಎತ್ತಿನ ಚರ್ಮದಿಂದ ಟೊಳ್ಳಾದ ಎತ್ತೊಂದನ್ನು ಮಾಡಿಸಿ ಅದರ ಹೊಟ್ಟೆಯೊಳಗೆ ಅಡಗಿ ಕುಳಿತರು. ನೀವು ಅಷ್ಟು ದೂರ ಹೋಗಬೇಕಾಗಿಲ್ಲ. ಮಾಸಲು ಬಣ್ಣದ ಒಂದು ಬಟ್ಟೆಯ ಮರೆ, ನೆಲಕ್ಕೆ ತಾಗುವಷ್ಟು ಕೆಳಗೆ ಕುಳಿತ ಕ್ಯಾಮೆರಾ, ಗೂಡಿನಿಂದ ದೂರದಲ್ಲಿ ಹಕ್ಕಿಗಳು ನೀರಿಗೆ ಬರುವ ಒಂದು ಜಾಗ ಇಷ್ಟಿದ್ದರೆ 300 ಸಾಲುತ್ತದೆ. ಹಕ್ಕಿ ಚೌಕಟ್ಟಿನ ಕಾಲುಭಾಗದಲ್ಲಿ ನಿಂತು, ಉಳಿದ ಮುಕ್ಕಾಲು ಭಾಗದಲ್ಲಿ ಅದರ ಕೆಸರು, ಜೊಂಡು, ನೆರಳು ಕಾಣುವ ಚಿತ್ರಗಳನ್ನು 600ರವರು ಸಾಮಾನ್ಯವಾಗಿ ತೆಗೆಯುವುದೇ ಇಲ್ಲ. ಮೊದಲ ನಾಲ್ಕೈದು ಬೆಳಿಗ್ಗೆ ಕ್ಯಾಮೆರಾ ಹೊರತೆಗೆಯದೆ, ಯಾವ ಹಕ್ಕಿ ಎಷ್ಟು ಗಂಟೆಗೆ ಯಾವ ಕಲ್ಲಿನ ಮೇಲೆ ಇಳಿಯುತ್ತದೆ ಎಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಆರನೆಯ ಬೆಳಿಗ್ಗೆ ಆ ಕಲ್ಲಿಗೆ ಫೋಕಸ್ ಮಾಡಿ, ಹಕ್ಕಿ ಬರುವ ಮೊದಲೇ ಮರೆಯೊಳಗೆ ಹೋಗಿ ಕುಳಿತಿರಿ.