ನೆರೆ ಇಳಿದ ಮೇಲೆ ಮನೆ ಯಾರು ಕಟ್ಟಬೇಕು?

ನೆರೆಯಲ್ಲಿ ಬಿದ್ದ ಮನೆ ಕಟ್ಟಿಕೊಡುವುದು ಸರ್ಕಾರದ ಕೆಲಸವೋ ಸಂಘ-ಸಂಸ್ಥೆಗಳದ್ದೋ, ನಮ್ಮ ಗೆಳೆಯರ ಗುಂಪು ಹಣ ಕೂಡಿಸಿದೆ, ನಾಲ್ಕಾರು ಮನೆ ಕಟ್ಟಿಸಬಹುದಾ ಅಂತ ಕೇಳಿದ್ದೀರಿ. ನೇರವಾಗಿ ಹೇಳುತ್ತೇನೆ, ಮನೆ ಕಟ್ಟಿಸಲು ಹೋಗಬೇಡಿ. ಆ ಹಣಕ್ಕೆ ಬೇರೆ ಕೆಲಸ ಇದೆ.

ನಾನು ಬಾಗಲಕೋಟೆ ಕಡೆಯವನು. 2009ರ ನೆರೆ ನೋಡಿದ್ದೇನೆ, 2019ರದ್ದೂ ನೋಡಿದ್ದೇನೆ. 2009ರಲ್ಲಿ ಸರ್ಕಾರ 'ಆಸರೆ' ಅಂತ ಯೋಜನೆ ತಂದಿತು. ಜಾಗ ಸರ್ಕಾರ ಕೊಡುವುದು, ಕಂಪನಿಗಳು, ಮಠಗಳು, ಟ್ರಸ್ಟುಗಳು ಬಂದು ಮನೆ ಕಟ್ಟುವುದು. ದಾನಿಗಳು ಧಾರಾಳವಾಗಿಯೇ ಕೊಟ್ಟರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಾಲು ಮನೆಯಲ್ಲಿ ಎತ್ತು ಎಲ್ಲಿ ಕಟ್ಟಬೇಕು, ಮೇವಿನ ಬಣವೆ ಎಲ್ಲಿ ಒಟ್ಟಬೇಕು, ಹೊಲಕ್ಕೆ ದಿನಾ ಅಷ್ಟು ದೂರ ನಡೆಯೋರು ಯಾರು ಅಂತ ಯಾರೂ ಕೇಳಲಿಲ್ಲ. ಎಷ್ಟೋ ಕಡೆ ಜನ ಹೋಗಲೇ ಇಲ್ಲ, ಹೋದವರಲ್ಲಿ ಕೆಲವರು ಹಳೇ ಊರಿಗೆ ವಾಪಸ್ ಬಂದರು. ಬಾಗಿಲು ಕಿಟಕಿ ಕಿತ್ತುಹೋಗಿ ಸುತ್ತ ಜಾಲಿ ಬೆಳೆದ ಆಸರೆ ಮನೆಗಳನ್ನು ನೀವೇ ಬಂದು ನೋಡಬಹುದು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಮತ್ತೆ ಉಕ್ಕಿದಾಗ ನೀರು ನುಗ್ಗಿದ್ದು ಅಂಥ ಹಳೇ ಊರುಗಳಿಗೇ.

ಆ ಸಲ ಸರ್ಕಾರ ದಾರಿ ಬದಲಿಸಿತು. ಪೂರ್ತಿ ಬಿದ್ದ ಮನೆಗೆ 5 ಲಕ್ಷ, ಅದೂ ಮನೆಯವರ ಖಾತೆಗೇ, ಕಂತಿನಲ್ಲಿ. ಇದು ಸರಿಯಾದ ದಾರಿ ಅಂತ ನನ್ನ ಅನಿಸಿಕೆ. 2001ರ ಭೂಕಂಪದ ಮೇಲೆ ಗುಜರಾತಿನ ಕಛ್‌ನಲ್ಲಿ ಹೆಚ್ಚಿನ ಜನ ಹೀಗೇ ಸರ್ಕಾರದ ಹಣ ತಗೊಂಡು ತಾವೇ ಮನೆ ಕಟ್ಟಿಕೊಂಡರು. ಅಲ್ಲಿನ ಸಂಸ್ಥೆಗಳು ಒಂದಾಗಿ 'ಸೇತು' ಅನ್ನುವ ಕೇಂದ್ರಗಳನ್ನು ತೆರೆದವು. ಹಳ್ಳಿಯವರಿಗೆ ಸರ್ಕಾರದ ಆದೇಶ ಅರ್ಥ ಮಾಡಿಸುವುದು, ಹಳ್ಳಿಯ ತಕರಾರನ್ನು ಅಧಿಕಾರಿಗಳಿಗೆ ಮುಟ್ಟಿಸುವುದು ಅವುಗಳ ಕೆಲಸ.

ನಮ್ಮಲ್ಲಿ ಕೊರತೆ ಆಗಿದ್ದು ಅಲ್ಲೇ. ನಮ್ಮ ಕಡೆಯ ಮಣ್ಣಿನ ಮಾಳಿಗೆ ಮನೆ ನೀರು ನಿಂತಾಗಲೇ ಬೀಳಬೇಕು ಅಂತೇನಿಲ್ಲ. ನೀರು ಇಳಿದು, ಬಿಸಿಲಿಗೆ ಗೋಡೆ ಒಣಗುತ್ತಾ ಬಂದಾಗ ಬಿರುಕು ಬಿಟ್ಟು ಕೂರುತ್ತದೆ. ಅಷ್ಟರಲ್ಲಿ ಸರ್ವೆಯವರು ಬಂದು, ಗೋಡೆ ನಿಂತಿದೆ ಅಂತ 'ಸಿ' ವರ್ಗಕ್ಕೆ, ಅಂದರೆ ಸ್ವಲ್ಪ ಹಾನಿಯಾದ ಮನೆಗಳ ಪಟ್ಟಿಗೆ, ಬರೆದುಕೊಂಡು ಹೋಗಿರುತ್ತಾರೆ. 2019ರಲ್ಲಿ 'ಎ' (ಪೂರ್ತಿ ಬಿದ್ದ ಮನೆ) ಆಗಿದ್ದರೆ 5 ಲಕ್ಷ, 'ಸಿ' ಅಂದರೆ 50 ಸಾವಿರ ಇತ್ತು. ನಮ್ಮ ಓಣಿಯ ಒಬ್ಬ ಅಜ್ಜಿಗೆ ಹೀಗೇ ಆಯಿತು, ಮೇಲಾಗಿ ಮನೆಯ ಉತಾರ (ಆಸ್ತಿಯ ದಾಖಲೆ) ತೀರಿಹೋದ ಮಾವನ ಹೆಸರಿನಲ್ಲಿತ್ತು. ಬಿದ್ದ ಗೋಡೆಯ ಫೋಟೋ ಇಟ್ಟುಕೊಂಡು ಮರು ಸರ್ವೆಗೆ ಅರ್ಜಿ ಬರೆಯಲು, ವಾರಸಾ ಕಾಗದ ಮಾಡಿಸಲು ಅವರ ಜೊತೆ ತಾಲೂಕು ಕಚೇರಿಗೆ ಹೋಗುವವರು ಬೇಕಿತ್ತು. ಕಂಬಳಿ, ಬಿಸ್ಕತ್ತು ಹಂಚುವವರು ಬೇಕಾದಷ್ಟು ಬಂದಿದ್ದರು. (ಹಳೇ ಬಟ್ಟೆ ದಯವಿಟ್ಟು ಕಳಿಸಬೇಡಿ, ರಸ್ತೆ ಬದಿ ರಾಶಿ ಬೀಳುತ್ತದೆ.)

ಇನ್ನೊಂದು ಕಂತಿನ ಕಥೆ. ಅಡಿಪಾಯ ಆಯಿತು ಅಂತ ಫೋಟೋ ಅಪ್‌ಲೋಡ್ ಆದ ಮೇಲೆ ಮುಂದಿನ ದುಡ್ಡು. ಅದು ತಡವಾದರೆ ಗೌಂಡಿ ಬೇರೆ ಕೆಲಸಕ್ಕೆ ಹೋಗುತ್ತಾನೆ, ಮನೆಯವರು ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಸಾಲ ಎತ್ತುತ್ತಾರೆ. ನಿಮ್ಮ ಹಣ ಇಲ್ಲಿ ಬಳಸಿ. ಸಿಮೆಂಟು, ಕಬ್ಬಿಣ ಒಟ್ಟಿಗೆ ತಂದು ಬಡ್ಡಿಯಿಲ್ಲದೆ ಕೊಡಿ, ಕಂತು ಬಂದಾಗ ವಾಪಸ್ ತಗೊಂಡು ಮುಂದಿನ ಮನೆಗೆ ಕೊಡಿ. ನಾಲ್ಕು ಮನೆಯ ದುಡ್ಡು ತಿರುಗುತ್ತಾ ಇನ್ನೂ ಎಷ್ಟೋ ಮನೆಗೆ ಆಗುತ್ತದೆ. ಜೊತೆಗೆ ನಿವೃತ್ತ ಎಂಜಿನಿಯರ್ ಒಬ್ಬರನ್ನು ಹಿಡಿಯಿರಿ, ಪಾಯ ಎಷ್ಟು ಎತ್ತರ ಬೇಕು ಅಂತ ಗೌಂಡಿಗೆ ಹೇಳಲಿ.

ಹಾಗಾದರೆ ಸರ್ಕಾರಕ್ಕೆ ಏನು ಉಳಿಯಿತು? ದೊಡ್ಡದೆಲ್ಲ ಉಳಿಯಿತು. ಜಾಗ, ಹಕ್ಕುಪತ್ರ, ರಸ್ತೆ, ಕರೆಂಟು, ನೀರು ಯಾವ ಟ್ರಸ್ಟ್ ಕೈಯಲ್ಲೂ ಆಗುವುದಲ್ಲ. ದುಡ್ಡಿನ ಪಾಲೂ ದೊಡ್ಡದೇ. 2022ರ ಕೇಂದ್ರದ ಮಾನದಂಡದಲ್ಲಿ ಬಯಲು ಪ್ರದೇಶದ ಪೂರ್ತಿ ಬಿದ್ದ ಮನೆಗೆ 1.20 ಲಕ್ಷ ಅಷ್ಟೇ, ಅದರ ಮೇಲೆ ಎಷ್ಟು ಕೊಡಬೇಕು ಅನ್ನುವುದು ರಾಜ್ಯದ ತೀರ್ಮಾನ. ಆ ಜವಾಬ್ದಾರಿಯನ್ನು ದಾನಿಗಳು ಹೊತ್ತುಕೊಂಡರೆ ಸರ್ಕಾರ ಸುಮ್ನೆ ಕೈತೊಳೆದುಕೊಳ್ಳುತ್ತದೆ, ಅಲ್ವಾ?

ಮೊದಲು ಪಂಚಾಯಿತಿಗೆ ಹೋಗಿ ಯಾರ ಮನೆ ಯಾವ ವರ್ಗದಲ್ಲಿದೆ ಅನ್ನುವ ಪಟ್ಟಿ ಕೇಳಿ ತಗೊಳ್ಳಿ. ಪಟ್ಟಿಯಲ್ಲಿ ಹೆಸರೇ ಇಲ್ಲದವರು ಸಿಗುತ್ತಾರೆ, ಹೆಚ್ಚಾಗಿ ಬಾಡಿಗೆ ಮನೆಯವರು, ಗಾಯರಾಣ (ಸರ್ಕಾರಿ ಗೋಮಾಳ) ಜಾಗದಲ್ಲಿ ಗುಡಿಸಲು ಹಾಕಿಕೊಂಡವರು. ಕೆಲಸ ಅವರಿಂದ ಶುರು ಮಾಡಿ.