ಅಡಿಕೆ ಮರಕ್ಕೆ ಆಂಟೆನಾ ಕಟ್ಟಿದವರಿಗೆ

ಮನೆಗೆ ಮೊಬೈಲ್ ನೆಟ್ ಸಿಗ್ಲಿ ಅಂತ ನೀವು ಮಾಡಿ ಹಾಕಿದ ಫೋಟೋ ನೋಡಿ ಹೊಟ್ಟೆ ಚುರ್ ಅಂತು ಮಾರಾಯ್ರೆ. ಅಡಿಕೆ ಮರದ ತುದೀಲಿ ಆಂಟೆನಾ, ಅಲ್ಲಿಂದ ನೂರಡಿ ಕೋಆಕ್ಸ್ (ಟಿವಿ ಡಿಶ್ಶಿಗೆ ಹಾಕೋ ಥರದ ಆಂಟೆನಾ ಕೇಬಲ್) ಇಳಿಸಿ ಜಗುಲೀಲಿ 4ಜಿ ರೂಟರ್. ಮೇಲಿಂದ 'ಸಿಗ್ನಲ್ ಏರಿಲ್ಲ, ಬೂಸ್ಟರ್ (ಸಿಗ್ನಲ್ ಜೋರು ಮಾಡೋ ಪೆಟ್ಟಿಗೆ) ಹಾಕ್ಲಾ' ಅಂತ ಪ್ರಶ್ನೆ ಬೇರೆ. 2020ರಲ್ಲಿ ಮಗಳ ಆನ್‌ಲೈನ್ ಕ್ಲಾಸಿಗೆ ಅಂತ ನಾನೂ ಇದನ್ನೇ ಮಾಡಿ ಕೈ ಸುಟ್ಟುಕೊಂಡವ.

ಆಂಟೆನಾದ್ದೇನೂ ತಪ್ಪಿಲ್ಲ, ಸಿಗ್ನಲ್ ತಿನ್ನೋದು ಆ ತೆಳು ಕಪ್ಪು ಕೇಬಲ್. ಆರ್‌ಜಿ58 ಅನ್ನೋ ಆ ಜಾತಿ ಕೇಬಲ್ ನೂರಡಿ ಎಳೆದ್ರೆ 4ಜಿ ಓಡೋ 1800 ಮೆಗಾಹರ್ಟ್ಸ್‌ನಲ್ಲಿ 20 ಡೆಸಿಬೆಲ್‌ಗಿಂತ ಜಾಸ್ತಿ ದಾರೀಲೇ ಕಳೆದುಹೋಗ್ತದೆ. ಮೇಲೆ ಹಿಡಿದದ್ದರಲ್ಲಿ ನೂರಕ್ಕೆ ಒಂದು ಪಾಲೂ ಕೆಳಗೆ ಬರೋದಿಲ್ಲ. ನನ್ನದಿನ್ನೂ ಚಂದ. ಅಡಿಕೆಗೆ ಮದ್ದು ಹೊಡೆಯೋಕೆ ಬಂದವನ ಕೈಲಿ ಕಟ್ಟಿಸಿದ್ದು. ಹೊಸನಗರದ ಗಾಳಿಮಳೆಗೆ ಮರ ಓಲಾಡಿ ಆಂಟೆನಾ ಒಮ್ಮೆ ಟವರ್ ಕಡೆ, ಒಮ್ಮೆ ಪಕ್ಕದವರ ಕೊಟ್ಟಿಗೆ ಕಡೆ. ದೀಪಾವಳಿಗೆ ಇಳಿಸಿ ಕನೆಕ್ಟರ್ ಬಿಚ್ಚಿದ್ರೆ ಒಳಗೆಲ್ಲ ಹಸಿರು ಕಿಲುಬು, ಕೇಬಲ್ ಕತ್ತರಿಸಿದಲ್ಲಿ ನೀರು ತೊಟ್ಟಿಕ್ತಿತ್ತು.

ಮೋಡೆಮ್ಮನ್ನೇ ಮೇಲೆ ಕಳಿಸಿ. ಸಿಮ್ ಒಳಗೇ ಕೂರೋ ಔಟ್‌ಡೋರ್ ಯೂನಿಟ್, ಪಿಒಇ (ನೆಟ್ ಕೇಬಲಲ್ಲೇ ಕರೆಂಟೂ ಕಳಿಸೋದು), ಕೆಳಗೆ ಇಳಿಯೋದು ಬರೀ ಕ್ಯಾಟ್6 ನೆಟ್‌ವರ್ಕ್ ಕೇಬಲ್. 100 ಮೀಟರ್ ತನಕ ಚಿಂತೆಯಿಲ್ಲ. ನನ್ನದು ಮೈಕ್ರೋಟಿಕ್ ಕಂಪನಿಯ ಎಲ್‌ಎಚ್‌ಜಿ ಅನ್ನೋ ಅಂಥದ್ದೇ ಯೂನಿಟ್, ಮನೆ ಹಿಂದಿನ ಗುಡ್ಡದಲ್ಲಿ ಜಿಐ ಪೈಪಿಗೆ ಬಿಗಿದಿದ್ದು. ಸೆಟ್ಟಿಂಗ್ ತಲೆ ತಿಂತದೆ, ಒಮ್ಮೆ ಕೂತ್ರೆ ಮತ್ತೆ ಮುಟ್ಟೋದು ಬೇಡ. ಅಗ್ಗಕ್ಕೆ ಸಿಗೋ ಸಿಸಿಎ (ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ) ಕೇಬಲ್ ಮಾತ್ರ ಬೇಡ. ತಂತಿ ಬ್ಲೇಡಲ್ಲಿ ಕೆರೆದು ನೋಡಿ, ಒಳಗೆ ಬೆಳ್ಳಗಿದ್ರೆ ವಾಪಸ್ ಕೊಡಿ. ಬಿಎಸ್‌ಎನ್‌ಎಲ್ 4ಜಿ ನೆಚ್ಚೋದಾದ್ರೆ ಯೂನಿಟ್ಟಲ್ಲಿ ಬ್ಯಾಂಡ್ 28, ಅಂದ್ರೆ 700 ಮೆಗಾಹರ್ಟ್ಸ್, ಇದೆಯಾ ಅಂತ ಮೊದಲೇ ನೋಡ್ಕೊಳಿ, ಕಾಡು ದಾಟಿ ಬರೋದು ಅದೇ. ದಿಕ್ಕು ತಿರುಗಿಸುವಾಗ ಸಿಗ್ನಲ್ ಕಡ್ಡಿ ಎಣಿಸ್ತಾ ಕೂರಬೇಡಿ, ಎಸ್‌ಐಎನ್‌ಆರ್ (ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಜೋರು ಅನ್ನೋ ಅಂಕಿ) ನೋಡಿ. ಅದೂ ಎಲ್ಲರೂ ನೆಟ್ ಬಳಸೋ ರಾತ್ರಿ ಎಂಟಕ್ಕೆ. ಬೆಳಗಿನ ಜಾವ ಎಲ್ಲರ ಟವರೂ ಓಡ್ತದೆ.

ಬೂಸ್ಟರ್ ಅಂತೀರಲ್ಲ, ಅದಕ್ಕೇ ರಿಪೀಟರ್ ಅಂತಲೂ ಹೆಸರು, ಪರವಾನಗಿ ಇಲ್ಲದೆ ಹಾಕೋದು ಕಾನೂನಿಗೆ ವಿರುದ್ಧ. ನಿಮಗೆ ಎರಡು ಕಡ್ಡಿ ಏರಿಸೋಕೆ ಇಡೀ ಊರಿನ ಟವರ್ ಕೆಡಿಸ್ತೀರಿ.

ಇನ್ನು ಸಿಡಿಲು. ಕ್ಯಾಟ್6 ಒಳಗಿರೋದೂ ತಾಮ್ರವೇ, ಗುಡ್ಡದಿಂದ ಮನೆಗೆ ತಾಮ್ರದ ತಂತಿ ಎಳೆದ್ರೆ ಸಿಡಿಲಿಗೆ ಮಣೆ ಹಾಕಿ ಕರೆದ ಹಾಗೆ. ಒಂದೇ ಮೇ ತಿಂಗಳಲ್ಲಿ ನನ್ನ ಎರಡು ರೂಟರ್ ಹೋದವು. ಈಗ ಎರಡೂ ತುದೀಲಿ ಮೀಡಿಯಾ ಕನ್ವರ್ಟರ್ (ಕರೆಂಟಿನ ಸಿಗ್ನಲನ್ನ ಬೆಳಕಿಗೆ ಬದಲಿಸೋ ಪೆಟ್ಟಿಗೆ), ನಡುವೆ ಡ್ರಾಪ್ ಫೈಬರ್ ಅನ್ನೋ ತೆಳು ಗಾಜಿನೆಳೆ ಕೇಬಲ್. ಫೈಬರಲ್ಲಿ ಕರೆಂಟ್ ಹೋಗೋದಿಲ್ವಲ್ಲ, ಮೇಲೆ ಸಣ್ಣ ಸೋಲಾರ್, 12 ವೋಲ್ಟ್ ಬ್ಯಾಟರಿ ಬೇಕು. ಆಷಾಢದಲ್ಲಿ ಮೋಡ ಕವಿದ್ರೆ ಬ್ಯಾಟರಿ ಹೊತ್ತು ಗುಡ್ಡ ಹತ್ತೋದೇ. ಫೈಬರ್ ತಗೊಳ್ಳುವಾಗ ಬಲಕ್ಕೆ ಉಕ್ಕಿನ ತಂತಿ ಇಲ್ಲದ, ಎಫ್‌ಆರ್‌ಪಿ (ನಾರು ಸೇರಿಸಿದ ಪ್ಲಾಸ್ಟಿಕ್) ಕಡ್ಡಿಯದ್ದೇ ಕೇಳಿ, ಇಲ್ದಿದ್ರೆ ಸಿಡಿಲು ಆ ಉಕ್ಕಲ್ಲೇ ಇಳಿದು ಮಾಡಿದ್ದೆಲ್ಲ ದಂಡ.

ಪಂಚಾಯ್ತಿ ತನಕ ಬಂದ ಭಾರತ್‌ನೆಟ್ (ಸರ್ಕಾರದ ಫೈಬರ್ ಇಂಟರ್ನೆಟ್) ಲೈನಿಂದ ನಿಮ್ಮ ಕಡೆ ಕನೆಕ್ಷನ್ ಕೊಡ್ತಾರಾದ್ರೆ ಇದೆಲ್ಲ ಬಿಟ್ಟು ಅದನ್ನೇ ಹಾಕಿಸ್ಕೊಳಿ. ಜೋಡಿಸಿದವ ಹೊರಡೋ ಮುಂಚೆ ಫೈಬರಲ್ಲಿ ಬರೋ ಬೆಳಕಿನ ಪವರ್ ಮೀಟರಲ್ಲಿ ತೋರ್ಸು ಅನ್ನಿ. ಮೈನಸ್ 25 ಡಿಬಿಎಂಗಿಂತ ಕೆಳಗೆ (ಮೈನಸ್ 26, 27 ಹೀಗೆ) ಹೋಗಿದ್ರೆ ಜಾಯಿಂಟ್ ಮತ್ತೆ ಮಾಡಿಸಿ, ಸೋಗೆ ಬಿದ್ದು ಲೈನ್ ಜಗ್ಗಿದ ದಿನ ಗೊತ್ತಾಗ್ತದೆ ಯಾಕೆ ಅಂತ.

ಟವರ್ ಎಷ್ಟು ದೂರ, ನಡುವೆ ಗುಡ್ಡ ಇದೆಯಾ ಬರೀರಿ. ಬೂಸ್ಟರ್ ಆರ್ಡರ್ ಮಾಡಿದ್ರೆ ಈಗ್ಲೇ ಕ್ಯಾನ್ಸಲ್ ಮಾಡಿ.