ಎಎಸ್/400ನಿಂದ ತಂದ ಫೈಲಿನಲ್ಲಿ ಮೊತ್ತಗಳು ಮಾತ್ರ ಕೆಟ್ಟಿರುವ ಬಗ್ಗೆ

ಐಬಿಎಂನ ವ್ಯವಹಾರ ಕಂಪ್ಯೂಟರಾದ ಎಎಸ್/400ನಿಂದ ಲಿನಕ್ಸ್ ಸರ್ವರಿಗೆ ಎಫ್‌ಟಿಪಿ (ಫೈಲ್ ವರ್ಗಾವಣೆಯ ವಿಧಾನ) ಮೂಲಕ ತಂದ ನಿಮ್ಮ ಲೆಡ್ಜರ್ ಫೈಲಿನಲ್ಲಿ ಹೆಸರುಗಳು ಸರಿಯಾಗಿದ್ದು ಮೊತ್ತಗಳು ಮಾತ್ರ ಕೆಟ್ಟಿರುವುದಕ್ಕೆ, ವರ್ಗಾವಣೆಯ ವೇಳೆ ಇಡೀ ದಾಖಲೆ ಎಬ್ಸಿಡಿಕ್‌ನಿಂದ (ಆ ಯಂತ್ರದ ಅಕ್ಷರ ಸಂಕೇತ) ಆಸ್ಕಿಗೆ (ಉಳಿದ ಕಂಪ್ಯೂಟರುಗಳ ಸಾಮಾನ್ಯ ಅಕ್ಷರ ಸಂಕೇತ) ಪರಿವರ್ತನೆಯಾಗಿರುವುದೇ ಬಹುಶಃ ಕಾರಣ. ಆ ಯಂತ್ರದಲ್ಲಿ ಮೊತ್ತಗಳು ಸಾಮಾನ್ಯವಾಗಿ ಅಕ್ಷರಗಳಾಗಿರದೆ ಪ್ಯಾಕ್ಡ್ ಡೆಸಿಮಲ್ ರೂಪದಲ್ಲಿ, ಅಂದರೆ ಒಂದು ಬೈಟಿಗೆ ಎರಡು ಅಂಕಿಗಳಂತೆ, ಇರುತ್ತವೆ: –12345 ಎಂಬುದು 12, 34, 5ಡಿ ಎಂಬ ಮೂರು ಬೈಟುಗಳಲ್ಲಿ ಕೂರುತ್ತದೆ, ಕೊನೆಯ ‘ಡಿ’ ಋಣ ಚಿಹ್ನೆ. ಪರಿವರ್ತಕವು 5ಡಿಯನ್ನು ಮುಚ್ಚುವ ಆವರಣ ಚಿಹ್ನೆ ‘)’ ಎಂದು ತಿಳಿದು, ಆಸ್ಕಿಯಲ್ಲಿ ಅದರ ಸಂಕೇತವಾದ 29 ಮಾಡಿಬಿಡುತ್ತದೆ. ಅಂಕಿಯೂ ಹೋಯಿತು, ಚಿಹ್ನೆಯೂ ಹೋಯಿತು. ಆ ಪ್ರತಿಯನ್ನು ರಿಪೇರಿ ಮಾಡಲು ಹೊರಡಬೇಡಿ, ವ್ಯರ್ಥ ಶ್ರಮ.

ಮೊದಲು ಎಎಸ್/400ನಲ್ಲಿ ಫೈಲಿನ ಫೀಲ್ಡುಗಳ ವಿವರ ತೋರಿಸುವ ಡಿಎಸ್‌ಪಿಎಫ್‌ಎಫ್‌ಡಿ (DSPFFD) ಆದೇಶ ಕೊಟ್ಟು ಯಾವ ಫೀಲ್ಡುಗಳು ಪ್ಯಾಕ್ಡ್ ಎಂದು ಖಚಿತಪಡಿಸಿಕೊಳ್ಳಿ. ಬಳಿಕ ಸಿಪಿವೈಟಿಒಐಎಂಪಿಎಫ್ (CPYTOIMPF) ಆದೇಶದಿಂದ ಹಳೆಯ ಯಂತ್ರದಲ್ಲಿಯೇ ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಟ್ಟ ಪಠ್ಯ ಫೈಲು) ಮಾಡಿಸಿ; ಅಕ್ಷರ ಸಂಕೇತದ ಸಂಖ್ಯೆಯಾದ ಸಿಸಿಎಸ್‌ಐಡಿ 1208, ಅಂದರೆ ಯುಟಿಎಫ್-8, ಇರಲಿ. ಅದನ್ನು ಬೈನರಿ ಮೋಡ್‌ನಲ್ಲಿ, ಅಂದರೆ ಬೈಟುಗಳು ಬದಲಾಗದಂತೆ, ತನ್ನಿ. ನಿಮ್ಮದು ಎಎಸ್/400ಕ್ಕೂ ಹಿಂದಿನ ಐಬಿಎಂ ಯಂತ್ರವಾದ ಸಿಸ್ಟಮ್/36 ಕಾಲದಿಂದ ಬಂದ ಫೈಲಾಗಿದ್ದರೆ ಇಡೀ ದಾಖಲೆ ಒಂದೇ ಫೀಲ್ಡಾಗಿ ಕಾಣಬಹುದು. ಆಗ ಆ ಫೈಲನ್ನು ಬಳಸುವ ಆರ್‌ಪಿಜಿ (ಆ ಯಂತ್ರಗಳ ಪ್ರೋಗ್ರಾಮಿಂಗ್ ಭಾಷೆ) ಪ್ರೋಗ್ರಾಮಿನ ಇನ್‌ಪುಟ್ ಸಾಲುಗಳಿಂದ ವಿನ್ಯಾಸವನ್ನು ಓದಿಕೊಂಡು, ಬೈನರಿ ಪ್ರತಿಯನ್ನು ಒಂದೊಂದೇ ಫೀಲ್ಡಾಗಿ ಪರಿವರ್ತಿಸಬೇಕಾಗುತ್ತದೆ. ದಾಖಲೆಗಳ ಸಂಖ್ಯೆಯೂ ಮೊತ್ತಗಳ ಒಟ್ಟೂ ಎರಡೂ ಕಡೆ ತಾಳೆಯಾಗುವವರೆಗೆ ಹಳೆಯ ಯಂತ್ರವನ್ನು ಆಫ್ ಮಾಡಬೇಡಿ.